ಎಲ್ಲರೂ ಕೊನೆಗೆ ಕರೆಯುವ ಉಷಾರಾಣಿ

ಬಿಳಿಕೆರೆಯ ಹೆದ್ದಾರಿಯಿಂದ ಒಳಕ್ಕೆ ತಿರುಗುವ ಮಣ್ಣುರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ಉಷಾರಾಣಿಯ ಸ್ಕೂಟರಿನ ಸದ್ದಿಗೆ ಪಕ್ಕಕ್ಕೆ ಸರಿಯುತ್ತಾರೆ; ಹಿಂದಿನ ಸೀಟಿನಲ್ಲಿ ನಾನಿದ್ದೇನೆ. ಉಷಾರಾಣಿ ಹುಣಸೂರಿನ ತಮ್ಮ ಫಿಸಿಯೋಥೆರಪಿ ಕೊಠಡಿಯ ಬಾಗಿಲು ತೆಗೆಯುವ ಮುಂಚೆ ಇಲ್ಲಿಗೆ ಬಂದು ಹೋಗಬೇಕು. ಹೊತ್ತೇರಿದರೆ ಮನೆಯವರೆಲ್ಲ ಹೊಲಕ್ಕೆ ಹೊರಟುಬಿಡುತ್ತಾರೆ.

ಜಗಲಿಯ ಮೇಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪುಟ್ಟಸಿದ್ದಮ್ಮ ಆಗಲೇ ತಲೆ ಬಾಚಿಸಿಕೊಂಡು ಕೂತಿದ್ದಾರೆ. ಅರವತ್ತರ ಆಸುಪಾಸಿನ ಹೆಂಗಸು. ಬಲಗೈ ಮಡಿಲಲ್ಲಿ ಮುಷ್ಟಿಕಟ್ಟಿಕೊಂಡು ಬಿದ್ದಿದೆ. ಉಷಾರಾಣಿ ಎದುರಿಗೆ ಮಂಡಿಯೂರಿ ಕೂತು ಅವರ ಎರಡೂ ಪಾದಗಳನ್ನು ನೆಲಕ್ಕೆ ಸರಿಯಾಗಿ ಊರಿಸುತ್ತಾರೆ.

“ಪಾದ ಹಿಂದಕ್ಕೆ ಎಳ್ಕೊಳ್ಳಿ ಅವ್ವಾ. ಇನ್ನೂ ಸ್ವಲ್ಪ. ಈಗ ಮುಂದಕ್ಕೆ ಬಾಗಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರ್ಲಿ. ಹಾಂ, ಈಗ ಏಳಿ.”

“ಬಿದ್ದೋಯ್ತೀನಿ ಕಣವ್ವ.”

“ಬೀಳೋಕೆ ಬಿಡ್ತೀನಾ ನಾನು?”

ಬಾಗಿಲಲ್ಲಿ ನಿಂತ ಸೊಸೆ ಭಾಗ್ಯ ತಡೆಯಲಾರದೆ ಕೈ ಚಾಚುತ್ತಾಳೆ. ಉಷಾರಾಣಿ ಕಣ್ಣಲ್ಲೇ ಬೇಡ ಅನ್ನುತ್ತಾರೆ. ಪುಟ್ಟಸಿದ್ದಮ್ಮನ ತೊಡೆಗಳು ನಡುಗುತ್ತವೆ, ಉಸಿರು ಬಿಗಿಯಾಗುತ್ತದೆ, ಆಮೇಲೆ ಇಡೀ ಮೈ ನಿಧಾನವಾಗಿ ಕುರ್ಚಿಯಿಂದ ಮೇಲಕ್ಕೆ ಬರುತ್ತದೆ. ನಿಲ್ಲುತ್ತಾರೆ. ಊರುಗೋಲು ಹಿಡಿದು ಅಂಗಳದ ತುಂಬ ಓಡಾಡುತ್ತಾರೆ. ಮತ್ತೆ ಬಂದು ಕೂತ ಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಉಷಾರಾಣಿಯ ಮುಂದೆ ಹಿಡಿಯುತ್ತಾರೆ.

“ಕಾಲು ಬಂತು. ಇದ್ಯಾವಾಗ ಬತ್ತದೆ?”

ಉಷಾರಾಣಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂರುತ್ತಾರೆ.

ಈ ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್, ಅಂದರೆ ಎಲೆಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ಗೂಡು, ಇದೆ. ಸೊಪ್ಪು ಮುರಿಯುವ ಕಾಲ ಬಂತೆಂದರೆ ಅದರ ಚಪ್ಪರದಡಿ ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾರೆ. ಪುಟ್ಟಸಿದ್ದಮ್ಮ ಅದರಲ್ಲಿ ಹೆಸರುವಾಸಿ. ಅವರ ಕೈವೇಗಕ್ಕೆ ಎಲೆ ಒದಗಿಸಿ ಕೊಡುವವರು ಸುಸ್ತಾಗುತ್ತಿದ್ದರು ಎಂದು ಭಾಗ್ಯ ಹೇಳುತ್ತಾಳೆ. ಕಳೆದ ಸಂಕ್ರಾಂತಿಯ ಹಿಂದೆಮುಂದೆ ಒಂದು ಬೆಳಗ್ಗೆ ಅವರ ಬಲಭಾಗ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಸೇರಿಸಿದರು, ಜೀವ ಉಳಿಯಿತು, ಮನೆಗೆ ಕಳಿಸಿದರು. ಕೈಕಾಲು ಆಡಿಸುತ್ತಿರಿ ಅಂದಿದ್ದರಂತೆ. ಹೇಗೆ, ಯಾರ ಹತ್ತಿರ, ಯಾವಾಗಿನಿಂದ ಎಂದು ಹೇಳಿದವರಿಲ್ಲ. ಕೇಳಬೇಕೆಂದು ಇವರಿಗೂ ತೋಚಲಿಲ್ಲ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಆಯಾಸ ಮಾಡಿಸಬೇಡಿ. ಟ್ರ್ಯಾಕ್ಟರ್ ಓಡಿಸುವ ಮಗ ಮಹೇಂದ್ರ ಹಾಸಿಗೆಗೇ ಎಲ್ಲವನ್ನೂ ತಂದುಕೊಟ್ಟ. ಎಣ್ಣೆ ತಿಕ್ಕಿಸಿದ. ನಾಟಿ ಔಷಧಿಗೆಂದು ಪಿರಿಯಾಪಟ್ಟಣದ ಆಚೆಗೂ ಹೋಗಿಬಂದ. ಎಬ್ಬಿಸುವಾಗ ಸ್ವಾಧೀನವಿಲ್ಲದ ಕೈಯನ್ನೇ ಹಿಡಿದು ಎಳೆದು ಭುಜವೂ ನೋಯತೊಡಗಿತು. ನೋವಿಗೆ ಹೆದರಿ ಆ ಕೈಯನ್ನು ಯಾರೂ ಮುಟ್ಟದಾದರು. ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ಬಿಗಿದುಕೊಂಡವು.

ಉಷಾರಾಣಿಗೆ ಈ ವಿಷಯ ಗೊತ್ತಾದದ್ದು ಪುಟ್ಟಸಿದ್ದಮ್ಮನಿಂದಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಮಹೇಂದ್ರ ಸೊಂಟ ಹಿಡಿದುಕೊಂಡು ಅವರ ಕೊಠಡಿಗೆ ಬಂದ. ಟ್ರ್ಯಾಕ್ಟರ್ ಸೀಟಿನಿಂದ ಬಂದ ನೋವಿರಬೇಕು ಎಂದುಕೊಂಡು ಕೇಳಿದರೆ, “ಇಲ್ಲ ಮೇಡಂ, ನಮ್ಮವ್ವುನ್ನ ಎತ್ತಿ ಎತ್ತಿ ಇಡ್ಕೊಂಡದೆ” ಅಂದನಂತೆ.

“ಆ ಮಾತು ಕೇಳಿ ಅವನ ಬೆನ್ನು ನೋಡೋದೇ ಮರೆತುಹೋಯ್ತು” ಎನ್ನುತ್ತಾರೆ ಉಷಾರಾಣಿ. “ಅವ್ವಂಗೆ ಯಾವಾಗಿನಿಂದ ಹೀಗಾಗಿದೆ ಅಂತ ಕೇಳ್ದೆ. ಅವನು ಹೇಳ್ದ. ನಾನು ಲೆಕ್ಕ ಹಾಕೋಕೆ ಹೋಗ್ಲಿಲ್ಲ. ಕೈಕಾಲು ಬೇಗ ತಿರುಗೋ ಮೊದಲ ತಿಂಗಳುಗಳು, ಆ ಚಿನ್ನದಂಥ ದಿನಗಳು, ಆಗಲೇ ಹೋಗಿದ್ವು.”

ಮಹೇಂದ್ರನ ಬೆನ್ನು ಬೇಗ ಸುಧಾರಿಸಿತು. ಭಾರ ಎತ್ತುವಾಗ ಮಂಡಿ ಬಗ್ಗಿಸುವುದನ್ನು, ಹೊಟ್ಟೆಯ ಸ್ನಾಯುಗಳಿಗೆ ಬಲ ಬರಿಸುವುದನ್ನು ಕಲಿತ. ಉಷಾರಾಣಿ ಮನೆಗೆ ಹೋಗಿ ನೋಡಿದಾಗ ಅವನ ತಾಯಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದನ್ನೂ ಮೊದಲಿನಿಂದ ಕಲಿಸಬೇಕಿತ್ತು. ಆಮೇಲೆ ಕೂರುವುದು. ಆಮೇಲೆ ನಿಲ್ಲುವುದು. ನಿಂತ ಮೇಲೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸುವುದು. ಕಾಲು ಮಾತು ಕೇಳಿತು. ಕೈ ಕೇಳಲಿಲ್ಲ.

ಉಷಾರಾಣಿ ಕೆ.ಆರ್. ನಗರದವರು. ತಂದೆ ನೀಲಕಂಠಸ್ವಾಮಿ ಅಲ್ಲಿ ಟೈಲರ್ ಆಗಿದ್ದರು. ಮಗಳು ಮೈಸೂರಿನಲ್ಲಿ ಫಿಸಿಯೋಥೆರಪಿ ಓದಲು ಸೇರಿದ ಹೊಸದರಲ್ಲಿ ಅವರು ಸೈಕಲ್ಲಿನಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡರು. ಓದಿಗೆ ತೊಂದರೆಯಾದೀತೆಂದು ಹಾಸ್ಟೆಲಿಗೆ ಸುದ್ದಿ ಮುಟ್ಟಿಸಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಅಲ್ಲಾಡಿಸಬಾರದು ಎಂದುಕೊಂಡು ಬೆರಳುಗಳನ್ನೂ ಆಡಿಸದೆ ಎದೆಗೆ ಅವುಚಿಕೊಂಡೇ ಇದ್ದರು. ಪಟ್ಟಿ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮರಗಟ್ಟಿತ್ತು. ಹೆಬ್ಬೆರಳು ಕತ್ತರಿಯ ಬಳೆಯೊಳಗೆ ತೂರಲಿಲ್ಲ.

“ರಜೆಗೆ ಊರಿಗೆ ಬಂದಾಗಲೇ ನಂಗೆ ಗೊತ್ತಾಗಿದ್ದು. ಬಿಸಿನೀರಲ್ಲಿ ಅದ್ದಿಸಿ, ಮಡಚಿಸಿ, ಬಿಡಿಸಿ, ನಂಗೆ ಬರೋದನ್ನೆಲ್ಲ ಮಾಡ್ದೆ. ಊಟ ಮಾಡೋಷ್ಟಾಯ್ತು. ಕತ್ತರಿ ಹಿಡಿಯೋಷ್ಟು ಆಗ್ಲಿಲ್ಲ. ಅಪ್ಪ ಏನೂ ಅನ್ಲಿಲ್ಲ. ‘ಬೆರಳು ಆಡಿಸ್ತಿರಪ್ಪ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ ಆಡಿಸ್ತಿದ್ದೆ ಕಣಮ್ಮ’ ಅಂದ್ರು, ಅಷ್ಟೇ.” ನೀಲಕಂಠಸ್ವಾಮಿ ಈಗಿಲ್ಲ. ಕೊನೆಯವರೆಗೂ ಬೇರೊಬ್ಬರ ಅಂಗಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡಿಕೊಂಡಿದ್ದರು.

ಓದು ಮುಗಿದ ಮೇಲೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟು ಉಷಾರಾಣಿ ಹುಣಸೂರಿಗೆ ಬಂದರು. ಅವರ ಕೊಠಡಿಯ ಬೆಂಚಿನ ಮೇಲೆ ಈ ಸೀಮೆಯ ದುಡಿಮೆಯೆಲ್ಲ ಬಂದು ಕೂರುತ್ತದೆ. ಹೊಗೆಸೊಪ್ಪಿನ ಮೂಟೆ ಹೊತ್ತ ಬೆನ್ನು, ನಾಟಿ ಹಾಕಿ ಹಾಕಿ ಸವೆದ ಮಂಡಿ, ಸಕ್ಕರೆ ಕಾಯಿಲೆಯವರ ಬಿಗಿದ ಭುಜ. ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತದೆ ಎನ್ನುವವರಲ್ಲಿ ಕೆಲವರಿಗೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಮಲಗಿಸಿದರೆ ತಲೆಸುತ್ತು ನಿಂತುಹೋಗುತ್ತದೆ. ಅವರು ಅದನ್ನು ಮಾಟವೆಂದೇ ನಂಬುತ್ತಾರೆ. ಸಂತೆಯ ದಿನ ಉಷಾರಾಣಿ ಎಚ್.ಡಿ. ಕೋಟೆ ದಾಟಿ ಅಂತರಸಂತೆಗೆ ಹೋಗಿ, ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಾರೆ. ಸಾಮಾನು ಕೊಳ್ಳಲು ಬಂದವರು ಚೀಲ ಪಕ್ಕಕ್ಕಿಟ್ಟು ಮಂಡಿ ತೋರಿಸುತ್ತಾರೆ.

“ಮಾತ್ರೆ ಆಯ್ತು, ಸೂಜಿ ಆಯ್ತು, ಎಣ್ಣೆ ಆಯ್ತು, ಹರಕೆ ಆಯ್ತು, ಆಮೇಲೆ ನಾನು. ‘ಕೈಕಾಲು ಆಡ್ಸೋಕೆ ಡಾಕ್ಟ್ರು ಯಾಕೆ ಬೇಕು’ ಅಂತ ಮುಖಕ್ಕೇ ಕೇಳ್ತಾರೆ. ತಪ್ಪು ಅವರದ್ದಲ್ಲ. ನೋವಿದ್ರೆ ಅಲ್ಲಾಡಬಾರದು ಅಂತ್ಲೇ ಅವರಿಗೆ ಗೊತ್ತಿರೋದು.”

ಮುಂದಿನ ವಾರ ಮತ್ತೆ ಪುಟ್ಟಸಿದ್ದಮ್ಮನ ಮನೆಗೆ ಹೋದಾಗ ಚಪ್ಪರದಡಿ ಸೊಪ್ಪು ಕಟ್ಟುವ ಕೆಲಸ ಶುರುವಾಗಿದೆ. ಹೆಂಗಸರ ನಗು ಜಗಲಿಯವರೆಗೂ ಕೇಳುತ್ತಿದೆ. ಪುಟ್ಟಸಿದ್ದಮ್ಮ ಕೈ ಎತ್ತಿ ಮುಂದೆ ಹಿಡಿದು ಮತ್ತೆ ಅದನ್ನೇ ಕೇಳುತ್ತಾರೆ. ಈ ಸಲ ಉಷಾರಾಣಿ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ.

“ಅವ್ವಾ, ಈ ಬೆರಳು ಇನ್ನೂ ಸ್ವಲ್ಪ ಸಡಿಲ ಆಗ್ತವೆ. ಭುಜದ ನೋವು ಹೋಗತ್ತೆ. ಆದ್ರೆ ಸೊಪ್ಪು ಕಟ್ಟೋಷ್ಟು ಬರೋದು ಕಷ್ಟ. ಬರಲ್ಲ ಅನ್ಸತ್ತೆ ನಂಗೆ.”

ಮಹೇಂದ್ರ ಮುಖ ತಿರುಗಿಸಿಕೊಂಡು ಅಂಗಳಕ್ಕೆ ಇಳಿದುಹೋಗುತ್ತಾನೆ. ಭಾಗ್ಯ ಸೆರಗು ಬಾಯಿಗೊತ್ತಿಕೊಳ್ಳುತ್ತಾಳೆ.

“ಗೊತ್ತಿತ್ತು ಕಣವ್ವ” ಎನ್ನುತ್ತಾರೆ ಪುಟ್ಟಸಿದ್ದಮ್ಮ. “ನೀನೇ ಬಾಯ್ಬುಟ್ಟು ಯೋಳ್ಲಿ ಅಂತ ಕೇಳ್ತಿದ್ದೆ. ನನ್ ಮಗ ಯೋಳಕಿಲ್ಲ. ಯೋಳುದ್ರೆ ಅಳ್ತಾನೆ.” ಆಮೇಲೆ ಸೊಸೆಯ ಕಡೆ ತಿರುಗಿ, “ಇದ್ಯಾಕ್ ಅಂಗ್ ನಿಂತಿದ್ದೀಯೆ, ಕೋಲು ಕೊಡು” ಅನ್ನುತ್ತಾರೆ.

ಪಾದ ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ, ಯಾರನ್ನೂ ಹಿಡಿಯದೆ ಎದ್ದು, ಮನೆಯ ಪಕ್ಕದಿಂದ ಸುತ್ತಿ ಹಿತ್ತಿಲಿಗೆ ಹೊರಡುತ್ತಾರೆ. ಉಷಾರಾಣಿ ಒಂದು ಹೆಜ್ಜೆ ಹಿಂದೆ ನಡೆಯುತ್ತಾರೆ. ಚಪ್ಪರದಡಿಯ ನಗು ನಿಲ್ಲುತ್ತದೆ. ಹೆಂಗಸರು ಸರಿದು ಜಾಗ ಮಾಡಿ, ಒಂದು ಮಣೆ ಎಳೆದು ಹಾಕುತ್ತಾರೆ. ಪುಟ್ಟಸಿದ್ದಮ್ಮ ಕೂತು, ಎಡಗೈಯಿಂದ ಎಲೆ ಜೋಡಿಸಿ ಪಕ್ಕದವಳಿಗೆ ಚಾಚುತ್ತಾರೆ.

“ಇಡ್ಕೊಳ್ಳೆ. ಕಟ್ಟೋಕೆ ತಾನೆ ಎಲ್ಡು ಕೈ ಬೇಕು, ಕೊಡೋಕೆ ಒಂದು ಸಾಕು.”

ಯಾರೋ ನಗುತ್ತಾರೆ, ಕೆಲಸ ಮತ್ತೆ ಸಾಗುತ್ತದೆ. ಉಷಾರಾಣಿ ನಗುವುದಿಲ್ಲ. ಸ್ಕೂಟರಿನ ಕಡೆ ನಡೆಯುತ್ತಾರೆ.

“ಎಲ್ರೂ ಇದನ್ನ ನೋಡಿ ಸಂತೋಷ ಪಡ್ತಾರೆ. ನಂಗೂ ಸಂತೋಷವೇ. ಆದ್ರೆ ಸಂಕ್ರಾಂತೀಲೇ ಸಿಕ್ಕಿದ್ರೆ ಈ ಹೊತ್ತಿಗೆ ಕಟ್ತಾನೇ ಇದ್ರೇನೋ ಅಂತ ಒಳಗೆ ಕೊರೀತಾ ಇರತ್ತೆ. ಕಟ್ತಿರ್ಲಿಲ್ಲವೇನೋ, ಯಾರು ಕಂಡೋರು. ಈಗ ಅದು ಗೊತ್ತಾಗೋದೇ ಇಲ್ಲವಲ್ಲ.”

ಹಾಗಾದರೆ ನಿಮಗೆ ಏನು ಬೇಕು ಎಂದು ಕೇಳುತ್ತೇನೆ. ದೊಡ್ಡ ಕಟ್ಟಡವೇ, ಹೊಸ ಯಂತ್ರವೇ? ಉಷಾರಾಣಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ತಲೆಯಾಡಿಸುತ್ತಾರೆ.

“ಏನೂ ಬೇಡ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಯಾರಾದ್ರೂ ಒಬ್ರು ನನ್ನನ್ನ ಕರೀಲಿ. ಅರ್ಧ ಊಟಕ್ಕೆ ಎದ್ದು ಬರ್ತೀನಿ.”