ಅಣ್ಣನ ಹೆಸರಿನ ಅರ್ಚನೆ

ಎಂಬತ್ತರ ದಶಕದ ಮಾತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ನನಗೆ ಕೆಲಸ. ಮನೆಯಲ್ಲಿ ನಾನು, ನನ್ನ ಗಂಡ, ಮಂಡ್ಯದಿಂದ ಬಂದಿದ್ದ ಅಮ್ಮ. ಪಿಯುಸಿ ಫೇಲಾದ ದಿನ ಅಪ್ಪನಿಂದ ಏಟು ತಿಂದು ಮನೆ ಬಿಟ್ಟುಹೋದ ನನ್ನ ಅಣ್ಣನಿಗಾಗಿ ಅವಳು ಹನ್ನೆರಡು ವರ್ಷದಿಂದ ಕಾಯುತ್ತಿದ್ದಳು. ನಮ್ಮ ಮನೆ ಹತ್ತಿರದ ವಾಲ್ನಟ್ ಕ್ರೀಕ್ ಸ್ಟೇಷನ್ನಿನಲ್ಲಿ ನಮ್ಮ ಕಡೆಯ ಗಂಡಸೊಬ್ಬ ರೈಲು ಇಳಿದರೆ ಸಾಕು, ಅವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ನನಗೋ ನಾಚಿಕೆ. ಕೈ ಹಿಡಿದು ಎಳೆಯುತ್ತಿದ್ದೆ.

ಅವಳು ಬರುವ ಹಿಂದಿನ ವಾರವಷ್ಟೇ ಸೋದರಮಾವನ ಕಾಗದ ಬಂದಿತ್ತು. ಅಣ್ಣ ಉತ್ತರ ಭಾರತದ ಯಾವುದೋ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ನಿನ್ನ ಅಮ್ಮನಿಗೆ ಹೇಳಬೇಡ, ತಡೆಯಲಾರಳು ಎಂದು ಮಾವ ಬರೆದಿದ್ದರು. ಅವರನ್ನೇಕೆ ದೂರಲಿ, ನನಗೇ ಧೈರ್ಯವಿರಲಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಎರಡು ತಿಂಗಳು ಓಡಾಡಿದೆ. ಪ್ರತಿ ಭಾನುವಾರ ದೇವಸ್ಥಾನದಲ್ಲಿ ಅವಳು ಎಲ್ಲರಿಗಿಂತ ಮೊದಲು ಅಣ್ಣನ ಹೆಸರು, ಹಸ್ತಾ ನಕ್ಷತ್ರ ಹೇಳಿ ಅರ್ಚನೆ ಮಾಡಿಸುವಾಗ ನಾನು ನೆಲ ನೋಡುತ್ತಿದ್ದೆ. ಸತ್ತವರ ಹೆಸರಿನಲ್ಲಿ ಯಾರಾದರೂ ಅರ್ಚನೆ ಮಾಡಿಸುತ್ತಾರೆಯೇ?

ಒಂದು ಶನಿವಾರ ಮಧ್ಯಾಹ್ನ ಅವಳ ಬೇಜಾರು ಕಳೆಯಲೆಂದು ಬರ್ಕ್ಲಿಯಲ್ಲಿ ಫ್ರೆಂಚ್ ಸಿನಿಮಾಕ್ಕೆ ಕರೆದೊಯ್ದೆ. ಲ್ಯಾಬಿನ ಗೆಳತಿ ಟಿಕೆಟ್ ಕೊಟ್ಟಿದ್ದಳು. ಕಥೆ ಏನೆಂದು ಕೇಳುವ ಬುದ್ಧಿಯಾದರೂ ಬೇಡವೇ ನನಗೆ? ಒಬ್ಬ ತಾಯಿ ಮಗನ ಫೋಟೋ ಹಿಡಿದು ಊರೂರು ಅಲೆಯುತ್ತಾಳೆ. ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನಾನು ಅಮ್ಮನ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಕೊನೆಗೆ ಆಸ್ಪತ್ರೆಯವನೊಬ್ಬ ತಾಯಿಯ ಕೈಗೆ ಮಗನ ಕೋಟು ಕೊಟ್ಟು, ಅವನು ಹೋದ ವಾರ ತೀರಿಕೊಂಡ ಎಂದ. ಹುಡುಗ ಗುಣವಾಗಿ ಬೇರೆ ಊರಿಗೆ ಹೋದನಂತೆ, ಕೋಟು ಮರೆತನಂತೆ ಎಂದೆ ನಾನು. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ.

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕಾರು ಫ್ರೀವೇ ಸೇರಿದ ಮೇಲೆ ಕೇಳಿದಳು:

"ಮಗ ಗುಣವಾಗಿದ್ರೆ ಅವಳು ಕೋಟನ್ನ ಹಂಗೆ ಅವಚ್ಕೋತಿದ್ಲೇನೇ?"

ಸಿನಿಮಾದವರಿಗೆ ಅಳಿಸುವುದೇ ಕೆಲಸ ಎಂದು ರೇಗಿದೆ.

ಮರುದಿನ ದೇವಸ್ಥಾನದಲ್ಲಿ ನನ್ನ ಹೆಸರು ಹೇಳಿದಳು, ನನ್ನ ಗಂಡನ ಹೆಸರು ಹೇಳಿದಳು, ಸುಮ್ಮನಾದಳು. ರೂಢಿಯಾಗಿದ್ದ ಅರ್ಚಕರೇ ಹಸ್ತಾ ನಕ್ಷತ್ರ ಎಂದು ನೆನಪಿಸಿದರು. ಬೇಡ ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ತಿಥಿ ಯಾವತ್ತು ಅನ್ನೋದನ್ನಾದ್ರೂ ನಿಜ ಹೇಳು, ಮಗಾ."

ನನಗೆ ತಾರೀಕು ಮಾತ್ರ ಗೊತ್ತಿತ್ತು. ಅದನ್ನು ಹೇಳುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಮ್ಮ ಅಳಲಿಲ್ಲ. ಮನೆಗೆ ಬಂದವಳೇ ಪೆಟ್ಟಿಗೆಯಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಹನ್ನೆರಡು ವರ್ಷ ಹುಡುಕಿದ ಮಗನನ್ನು ಆ ಹಾಳೆಗಳಲ್ಲಿ ಬೆರಳಿಟ್ಟು ಹುಡುಕತೊಡಗಿದಳು.