ಐವತ್ತೆಂಟು ಕಿಲೋಗೆ ತುಂಬಿದ ಗಾಳಿ

ನಮ್ಮ ಭಾವ ಯಾರ ಮಾತನ್ನೂ ಪೂರ್ತಿ ನಂಬಿದವರಲ್ಲ. ತಕ್ಕಡಿಯನ್ನು ಮಾತ್ರ ನಂಬುತ್ತಾರೆ, ಅದೂ ತಾವೇ ಬಿಚ್ಚಿ ಜೋಡಿಸಿದ ತಕ್ಕಡಿಯಾದರೆ. ಮೂವತ್ತು ವರ್ಷದಿಂದ ಅವರ ಕೆಲಸವೇ ಅದು: ಪೇಟೆಯ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು, ಕಬ್ಬಿಣದ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸುವುದು. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಎತ್ತಿ, ಯಾರೂ ಕೇಳದಿದ್ದರೂ, "ನೂರಾ ಎಂಬತ್ತು ಗ್ರಾಂ" ಎಂದು ಹೇಳಿ ಕೆಳಗಿಡುವ ಮನುಷ್ಯ. ನಾನು ಅವರ ಹೆಂಡತಿಯ ತಮ್ಮ, ಲೈಬ್ರರಿಯಲ್ಲಿ ಗುಮಾಸ್ತ. ನನ್ನನ್ನು ಕರೆಯುವುದು 'ಪಂಡಿತ' ಎಂದು. ಅದು ಹೊಗಳಿಕೆಯಲ್ಲ ಎಂಬುದು ಮನೆಮಂದಿಗೆಲ್ಲ ಗೊತ್ತು.

ಮದುವೆಯಾದ ವಾರವೇ ಅಕ್ಕನನ್ನು ತಮ್ಮ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ, ಬಂದ ತೂಕವನ್ನು ಅಲ್ಲಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿದ್ದರಂತೆ. ಆಮೇಲೆ ಪ್ರತಿ ವರ್ಷ ಅದೇ ದಿನ ಅದೇ ಕೆಲಸ. "ನಾನೇನು ಮೂಟೆನಾ?" ಎಂದು ಬಯ್ಯುತ್ತಲೇ ಅಕ್ಕ ಹತ್ತಿ ನಿಲ್ಲುತ್ತಿದ್ದಳು. ಬಾಗಿಲ ಮೇಲೆ ಇಪ್ಪತ್ತೊಂದು ಅಂಕಿಗಳಿವೆ. ಕೊನೆಯದು ಐವತ್ತೆಂಟು.

ಅದನ್ನು ಬರೆದ ಮೂರನೇ ತಿಂಗಳಿಗೆ ಅಕ್ಕ ಮೆಟ್ಟಿಲಿಂದ ಜಾರಿ ಬಿದ್ದಳು. ಬೆನ್ನಿಗೆ ಆಪರೇಷನ್, ಗಾಯಕ್ಕೆ ನಂಜು, ಮತ್ತೊಂದು ಆಪರೇಷನ್. ಒಂದು ವರ್ಷ ಹಾಸಿಗೆ ಹಿಡಿದಳು. ಎದ್ದು ಓಡಾಡುವಂತಾದ ಮೇಲೂ ಅಕ್ಕ ಏನಾದರೊಂದು ನೆವ ಹೇಳಿ ತಕ್ಕಡಿ ಹತ್ತಲಿಲ್ಲ, ಡಾಕ್ಟರು ಬೈಕಿನ ಮಾತೆತ್ತಲು ಬಿಡಲಿಲ್ಲ.

ಬೈಕು ಅವರಿಬ್ಬರಿಗೆ ಬರೀ ಗಾಡಿಯಾಗಿರಲಿಲ್ಲ. ಪ್ರತಿ ಭಾನುವಾರ ಸಂಜೆ ನದಿಯ ಹಳೇ ಸೇತುವೆಯವರೆಗೆ ಹೋಗಿ, ಅದರ ಕಟ್ಟೆಯ ಮೇಲೆ ಕೂತು, ಕತ್ತಲಾಗುವ ಮುಂಚೆ ವಾಪಸಾಗುತ್ತಿದ್ದರು. ಅಕ್ಕನ ಎಡಗೈ ಭಾವನ ಎಡ ಹೆಗಲ ಮೇಲೆ. ನಿಧಾನ ಎನ್ನಲು ಒಂದು ಸಲ ಒತ್ತಬೇಕು, ನಿಲ್ಲಿಸಿ ಎನ್ನಲು ಎರಡು ಸಲ. ಈ ಎರಡು ವರ್ಷದಲ್ಲಿ ಭಾವ ಆ ಹೆಗಲನ್ನು ತಾವೇ ಹಿಸುಕಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. "ಖಾಲಿ ಖಾಲಿ ಅನ್ಸತ್ತೆ ಕಣೋ" ಎಂದು ಒಮ್ಮೆ ಅವರೇ ಹೇಳಿದರು. ಅಕ್ಕನದು ಬೇರೆ ರೀತಿ. ಭಾನುವಾರ ಸಂಜೆ ಒಂದು ಬಟ್ಟೆ ಹಿಡಿದು ಹೊರಗೆ ಬಂದು ಬೈಕಿನ ಸೀಟು ಒರೆಸುತ್ತಿದ್ದಳು. ಮುಂದಿನದನ್ನಲ್ಲ, ಹಿಂದಿನದನ್ನು.

ಹೋದ ಸಲ ತೋರಿಸಲು ಹೋದಾಗ ಡಾಕ್ಟರು ಬಾಯಿತಪ್ಪಿ ಎಂಬಂತೆ ಒಂದು ಮಾತು ಆಡಿಬಿಟ್ಟರು: "ಕುಲುಕಾಟ ಇಲ್ದಿದ್ರೆ ಹತ್ರದಲ್ಲಿ ಓಡಾಡ್ಬೋದು." ಭಾವನಿಗೆ ಅಷ್ಟು ಸಾಕಾಯಿತು. ತಿಂಗಳೊಳಗೆ ಒಂದು ಪೆಟ್ಟಿಗೆ ಬಂತು. ಹಿಂದಿನ ಚಕ್ರದ ಕುಲುಕು ತಡೆಯುವ ಎರಡು ಸ್ಪ್ರಿಂಗ್ ಶಾಕ್‌ಗಳನ್ನು ತೆಗೆದು ಗಾಳಿ ತುಂಬಿದ ಶಾಕ್ ಹಾಕಬೇಕಂತೆ. ಜೊತೆಗೆ ಪುಟ್ಟ ಕಂಪ್ರೆಸರ್, ಪೈಪು, ಗಾಳಿ ಎಷ್ಟಿದೆ ಎಂದು ತೋರಿಸುವ ಮೀಟರು, ಹ್ಯಾಂಡಲ್ಲಿಗೆ ಒಂದು ಸ್ವಿಚ್ಚು. ಕೂರುವವರ ತೂಕಕ್ಕೆ ತಕ್ಕಂತೆ ಗಾಳಿ ಏರಿಸಬಹುದು, ಇಳಿಸಬಹುದು.

"ಮೆಕ್ಯಾನಿಕ್ ಕೈಗೆ ಕೊಡಿ ಭಾವ" ಎಂದೆ.

"ಬೆನ್ನು ನೋವು ಅವನ ಹೆಂಡ್ತಿಗಾ?" ಎಂದರು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆಯೇ ಕೆಲಸ ಶುರುವಾಯಿತು. ಇರುವೆ ಸಾಲಿನಂಥ ಅಕ್ಷರಗಳ ಪುಸ್ತಕ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಹಿಂದಿನ ಚಕ್ರ ಎತ್ತಿದರು. ಹಳೇ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಬೆರಳಿನ ಗೆಣ್ಣು ತರಚಿಕೊಂಡು, ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು. ಕಂಪ್ರೆಸರನ್ನು ಸೀಟಿನ ಕೆಳಗೆ ಕೂರಿಸಿದರು, ಪೈಪನ್ನು ಸೈಲೆನ್ಸರಿನ ಬಿಸಿ ತಾಗದಂತೆ ಆಚೆಯಿಂದ ಎಳೆದು ಕಟ್ಟಿದರು. ಗಾಳಿ ತುಂಬಿ ಜೋಡಣೆಗಳಿಗೆಲ್ಲ ಸೋಪಿನ ನೊರೆ ಸವರಿದಾಗ ಒಂದು ಕಡೆ ಗುಳ್ಳೆ ಎದ್ದಿತು.

"ನೋಡೋ ಪಂಡಿತ, ಥೇಟ್ ನಿನ್ನ ಹಾಗೇನೆ. ಸುಮ್ನೆ ಬುಸ್ ಅಂತದೆ" ಎನ್ನುತ್ತ ಅದನ್ನು ಬಿಚ್ಚಿ ಮತ್ತೆ ಬಿಗಿದರು.

ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ಕೊನೆಯ ಪುಟಕ್ಕೆ ಬಂದೆವು. "ಹಿಂದೆ ಕೂರುವವರ ತೂಕ..." ಎಂದು ನಾನು ಓದುತ್ತಿದ್ದಂತೆ, ವಾಕ್ಯ ಮುಗಿಯುವ ಮುಂಚೆಯೇ ಭಾವ ಹೇಳಿದರು: "ಐವತ್ತೆಂಟು."

ಅಕ್ಕನ ತೂಕ ನಲವತ್ತಮೂರು. ಎರಡು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಅವಳನ್ನು ತೂಕಕ್ಕೆ ನಿಲ್ಲಿಸಿದ್ದು ನಾನೇ. ಭಾವ ಔಷಧಿ ತರಲು ಹೋಗಿದ್ದರು. ಅಕ್ಕ ನನ್ನ ಕೈ ಹಿಡಿದುಕೊಂಡು, "ನಿಮ್ ಭಾವಂಗೆ ಹೇಳ್ಬೇಡ. ಕಣ್ಣಲ್ಲಿ ನೋಡಿದ್ದನ್ನ ಹೇಗೋ ತಡ್ಕೋತಾರೆ, ಅಂಕಿ ತಡ್ಕೊಳಲ್ಲ" ಎಂದಿದ್ದಳು. ಈಗ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದವಳು ನನ್ನತ್ತ ನೋಡಿ ಬೇಡವೆಂದು ತಲೆ ಆಡಿಸಿದಳು. ನಾನು ಪುಸ್ತಕದೊಳಗೆ ಮುಖ ಹುದುಗಿಸಿಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿದವರು ಯಾರೋ. ಆ ದಿನದ ನನ್ನ ಮೌನಕ್ಕೆ ಗುಜರಿಯವನೂ ಬೆಲೆ ಕಟ್ಟಲಾರ.

ಭಾವ ಅಂಗಡಿಯಿಂದ ತೂಕದ ಕಲ್ಲುಗಳನ್ನು ತಂದರು. ಇಪ್ಪತ್ತರದು ಎರಡು, ಹತ್ತರದೊಂದು, ಐದು, ಎರಡು, ಒಂದು. ಒಟ್ಟು ಐವತ್ತೆಂಟು. ಗೋಣಿಚೀಲಕ್ಕೆ ತುಂಬಿ ಹಿಂದಿನ ಸೀಟಿಗೆ ಬಿಗಿದು, ತಾವು ಮುಂದೆ ಕೂತು, ಗಾಳಿ ಏರಿಸಿ ಇಳಿಸಿ ಹದ ನೋಡಿದರು. ಗಾಡಿ ಸರಿಯಾಗಿ ಕುಗ್ಗಿ ನಿಂತ ಮಟ್ಟಕ್ಕೆ ಶಾಕಿನ ಮೇಲೆ ನನ್ನಿಂದ ಪೆನ್ಸಿಲಿನಲ್ಲಿ ಗೆರೆ ಎಳೆಸಿದರು. "ಇದು ನಿಮ್ಮಕ್ಕನ ಗೆರೆ" ಎಂದರು. ಚೀಲದ ಸಮೇತ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಬೆಣ್ಣೆ ಕಣೋ, ಬೆಣ್ಣೆ!" ಎಂದು ಚೀಲದ ಬೆನ್ನು ತಟ್ಟಿದರು.

ಸಂಜೆ ಅಕ್ಕ ತಲೆ ಬಾಚಿಕೊಂಡು ಬಂದಳು. ಎರಡು ವರ್ಷದ ಮೇಲೆ ಆ ಸೀಟಿನ ಮೇಲೆ ಕೂತಳು. ಗಾಡಿ ಬೀದಿಯ ತಿರುವು ದಾಟಿತು.

ಐದು ನಿಮಿಷಕ್ಕೆಲ್ಲ ವಾಪಸ್ ಬಂದರು, ನಡೆದುಕೊಂಡು ಬಂದಷ್ಟೇ ನಿಧಾನವಾಗಿ. ಅಕ್ಕ ಎರಡೂ ಕೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ತಿರುವಿನಾಚೆಯ ಮೊದಲ ರಸ್ತೆಯುಬ್ಬಿಗೇ ಗಾಡಿ ಅವಳನ್ನು ಎತ್ತಿ ಹಾಕಿತ್ತು.

"ಚೆನ್ನಾಗೇ ಇತ್ತು ರೀ. ನಂಗೇ ಅಭ್ಯಾಸ ತಪ್ಪಿದೆ" ಎಂದಳು.

"ಕಲ್ಲು ಕೂತಾಗ ಸರಿ ಇತ್ತು, ನೀನು ಕೂತ್ರೆ ಯಾಕಿಲ್ಲ?" ಭಾವ ಮತ್ತೆ ನೊರೆ ಸವರಿದರು. ಎಲ್ಲೂ ಸೋರಿಕೆಯಿಲ್ಲ. ಪುಸ್ತಕ ಬರೆದವನನ್ನು ಬಯ್ದರು, ಓದಿದವನನ್ನೂ ಬಯ್ದರು. ಆಮೇಲೆ ಇದ್ದಕ್ಕಿದ್ದಂತೆ ಸೋಪು ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಕೂತ್ಕೋ" ಎಂದು ತಾವೂ ಮುಂದೆ ಕೂತರು. "ಪಂಡಿತ, ಗೆರೆ ನೋಡು."

ಬಗ್ಗಿ ನೋಡಿದೆ. ಈ ಸಲ ಮುಚ್ಚಿಡಲು ಆಗಲಿಲ್ಲ. "ಗೆರೆ ಮುಟ್ಟಿಲ್ಲ ಭಾವ. ಎರಡು ಬೆರಳು ಮೇಲಿದೆ."

ಅವರು ತಿರುಗಲಿಲ್ಲ. ಸ್ವಿಚ್ಚು ಒತ್ತಿ ಸ್ವಲ್ಪ ಗಾಳಿ ಬಿಟ್ಟರು. "ಈಗ?"

"ಇನ್ನೂ ಇಲ್ಲ."

ಮತ್ತೆ ಬಿಟ್ಟರು. "ಈಗ?"

"ಇಲ್ಲ."

ಮೀಟರಿನ ಮುಳ್ಳು ಇಳಿಯುತ್ತಾ ಹೋಯಿತು, ಅದರ ಜೊತೆಗೆ ಭಾವನ ದನಿಯೂ ಇಳಿಯಿತು. ಆರನೇ ಸಲಕ್ಕೆ ನಾನು "ಬಂತು" ಎಂದೆ.

ಭಾವ ಇಳಿದು ನೆಟ್ಟಗೆ ಗೋಣಿಚೀಲದ ಹತ್ತಿರ ಹೋದರು. ಮುಳ್ಳು ಎಷ್ಟು ಇಳಿದರೆ ತೂಕ ಎಷ್ಟು ಇಳಿದಂತೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚೀಲದಿಂದ ಹತ್ತರ ಕಲ್ಲನ್ನೂ ಐದರ ಕಲ್ಲನ್ನೂ ತೆಗೆದು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅಕ್ಕನ ಮುಂದೆ ನಿಂತರು.

"ಇಷ್ಟಾ?"

ಅಕ್ಕ ತಲೆ ತಗ್ಗಿಸಿ ಹೂಂ ಎಂದಳು. "ಹೇಳ್ಬೇಕಿತ್ತು. ನೀವು ನೊಂದ್ಕೋತೀರ ಅಂತ..."

ಊರವರ ತಕ್ಕಡಿಯಲ್ಲಿ ಐವತ್ತು ಗ್ರಾಂ ಮೋಸ ಹಿಡಿಯುವವರಿಗೆ ದೀಪದ ಬುಡದಲ್ಲೇ ಕತ್ತಲೆ. ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ. "ನೊಂದ್ಕೋತೀನಿ. ನೊಂದ್ಕೊಳ್ಳೋಕೂ ಸರಿಯಾದ ತೂಕ ಬೇಕಲ್ವೇನೇ?" ಎಂದರು. ಅವರ ಕಣ್ಣು ತುಂಬಿತ್ತು. ಕೈಯಲ್ಲಿ ಕಲ್ಲುಗಳಿದ್ದದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ, ಅಕ್ಕನೇ ಒರೆಸಿದಳು.

ಮತ್ತೆ ಹೊರಟರು. ನಾನು ತಿರುವಿನವರೆಗೆ ಹಿಂದೆಯೇ ಹೋಗಿ ನಿಂತೆ. ರಸ್ತೆಯುಬ್ಬಿನ ಮೇಲೆ ಗಾಡಿ ಮೆತ್ತಗೆ ಎದ್ದು ಮೆತ್ತಗೆ ಕುಗ್ಗಿತು. ಅಕ್ಕನ ಎಡಗೈ ಕಂಬಿ ಬಿಟ್ಟು ಮೇಲೆ ಬಂತು, ಒಂದು ಗಳಿಗೆ ಅನುಮಾನಿಸಿತು, ಆಮೇಲೆ ಭಾವನ ಹೆಗಲ ಮೇಲೆ ಕೂತಿತು.

ಕತ್ತಲಾಗುವ ಮುಂಚೆ ಬಂದರು. ಸೇತುವೆಯವರೆಗೆ ಹೋಗಲಾಗಲಿಲ್ಲವಂತೆ, ಅರ್ಧ ದಾರಿಯಲ್ಲಿ ಅಕ್ಕ ಹೆಗಲನ್ನು ಎರಡು ಸಲ ಒತ್ತಿದಳಂತೆ. ಭಾವ ಬಾಗಿಲಲ್ಲಿ ಇಟ್ಟುಹೋಗಿದ್ದ ಆ ಎರಡು ಕಲ್ಲುಗಳನ್ನು ಅಂಗಡಿಗೆ ಒಯ್ಯಲೆಂದು ಎತ್ತಿಕೊಂಡೆ.

"ಇಲ್ಲೇ ಇರ್ಲಿ ಬಿಡೋ" ಎಂದರು ಭಾವ. "ಅದು ಇವಳದು. ವಾಪಸ್ ಬರ್ಬೇಕು."

ಅವು ಈಗಲೂ ಮನೆಯ ಬಾಗಿಲ ಪಕ್ಕದಲ್ಲೇ ಇವೆ. ಪೇಟೆಯಲ್ಲಿ ಯಾರದಾದರೂ ತಕ್ಕಡಿ ಪರೀಕ್ಷೆಗೆ ಹದಿನೈದು ಕಿಲೋ ಬೇಕಾದರೆ, ಭಾವ ಎರಡರದು, ಒಂದರದು ಎಂದು ಸಣ್ಣ ಸಣ್ಣ ಕಲ್ಲುಗಳನ್ನೇ ಜೋಡಿಸಿಕೊಂಡು ಹೊತ್ತುಕೊಂಡು ಹೋಗುತ್ತಾರೆ.