ಕೊನೆಯ ಸುತ್ತಿನ ನಲವತ್ತೆರಡು ಅಂಗಿಗಳು

ಸುವಾರ್ತಾ ಸೇವೆಯ ಕ್ಷೇತ್ರದಲ್ಲಿ ವೇದಿಕೆಯ ಮೇಲೆ ನಿಂತು ಸಾವಿರಾರು ಜನರನ್ನು ಮಂತ್ರಮುಗ್ಧರನ್ನಾಗಿಸಿದ ಮಹನೀಯರು ಅನೇಕರಿದ್ದಾರೆ. ಮೂವತ್ತೊಂದು ವರ್ಷ ಊರೂರು ತಿರುಗಿ, ಇದೀಗ ನಿವೃತ್ತರಾಗಿ ಸ್ವದೇಶಕ್ಕೆ ಮರಳುತ್ತಿರುವ ನಮ್ಮ ಪೂಜ್ಯ ಸಿಸ್ಟರ್ ಅವರ ಸ್ಥಾನ ಆ ಸಾಲಿನಲ್ಲಿ ಎಲ್ಲಿ ಎಂದು ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ಕೇಳಿದಾಗ ನನಗೆ ತಟ್ಟನೆ ಹೊಳೆದ ಉತ್ತರ ಒಂದೇ: ಅಡುಗೆಮನೆಯ ಹೊಸ್ತಿಲಿನ ಒಳಗೆ, ನೆಲದ ಮೇಲೆ, ಸೊಪ್ಪು ಬಿಡಿಸುವವರ ಪಕ್ಕದಲ್ಲಿ. ಸಂಪಾದಕರು ಇದನ್ನು ಇನ್ನಷ್ಟು ಗಂಭೀರವಾಗಿ ಹೇಳಲು ಸಾಧ್ಯವೇ ಎಂದು ವಿಚಾರಿಸಿದರು. ಎರಡು ರಾತ್ರಿ ಯೋಚಿಸಿದೆ, ಸಾಧ್ಯವಾಗಲಿಲ್ಲ.

ಸಿಸ್ಟರ್ ಅವರ ಸೇವಾವಧಿಯ ಕೊನೆಯ ಎರಡೂವರೆ ವರ್ಷ ಅವರ ಪ್ರವಾಸದ ದಿನಚರಿ ಬರೆಯುವ ಭಾಗ್ಯ ನನ್ನದಾಯಿತು. ಪದವಿ ಮುಗಿಸಿ ಮನೆಯಲ್ಲಿ ಡೈರಿ ಬರೆಯುತ್ತ ಕುಳಿತಿದ್ದ ನನ್ನನ್ನು ನೋಡಿ ನೋಡಿ ಸಾಕಾಗಿ, "ಬರೆಯೋದೇ ಆದ್ರೆ ಯಾರಿಗಾದ್ರೂ ಉಪಯೋಗ ಆಗೋದು ಬರಿ" ಎಂದು ಅಮ್ಮ ನನ್ನನ್ನು ಅವರ ಕೈಗೆ ಒಪ್ಪಿಸಿದ್ದರು. ತಿಂಗಳಿಗೊಂದು ಸುತ್ತು, ಹನ್ನೊಂದು ಊರು, ಇಪ್ಪತ್ತೇಳು ಮನೆ. ಬಸ್ಸಿನಿಂದಿಳಿದು, ಹೆಗಲಿಗೊಂದು ದೊಡ್ಡ ಚೀಲ ಏರಿಸಿ, ತಮ್ಮ ಎತ್ತರಕ್ಕೆ ಒಗ್ಗದ ಬಾಗಿಲುಗಳಿಗೆಲ್ಲ ಹಣೆ ಕುಟ್ಟಿಕೊಳ್ಳುತ್ತ ಅವರು ಒಳಗೆ ಬಂದರೆ ಮಕ್ಕಳು, "ಚೀಲದಮ್ಮ ಬಂದ್ರು!" ಎಂದು ಕೂಗುತ್ತಿದ್ದರು.

ಅವರ ಸೇವೆಗೆ ಒಂದು ಕ್ರಮವಿತ್ತು. ಯಾವ ಮನೆಗೆ ಹೋದರೂ ಮೊದಲು, "ಏನು ಕೆಲಸ ಇದೆ, ಕೊಡಿ" ಎನ್ನುವುದು. ಆ ಕೆಲಸ ಮುಗಿಯುವವರೆಗೆ ಚೀಲದಿಂದ ಸತ್ಯವೇದವನ್ನು ಹೊರತೆಗೆಯದಿರುವುದು. ಕ್ರಮವೇನೋ ಉದಾತ್ತವಾದದ್ದು. ಆದರೆ ದೇವರು ಸಿಸ್ಟರ್ ಅವರಿಗೆ ಕರುಣಿಸಿದ ಹಲವು ವರಗಳಲ್ಲಿ ಕೈಚಳಕ ಸೇರಿರಲಿಲ್ಲ. ಅವರು ಬೀನ್ಸ್ ಬಿಡಿಸಿದರೆ ಕಾಳು ಕಸದ ಬುಟ್ಟಿಗೂ ಸಿಪ್ಪೆ ಪಾತ್ರೆಗೂ ಬೀಳುತ್ತಿತ್ತು. ಬಟ್ಟೆ ಹಿಂಡಿದರೆ ನೀರೆಲ್ಲ ಅವರ ಮೈಮೇಲೇ ಇರುತ್ತಿತ್ತು. ಹೀಗಾಗಿ ಎಷ್ಟೋ ಮನೆಗಳಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಬಸ್ಸಿನ ಹೊತ್ತಾಗಿ, ಸತ್ಯವೇದ ಚೀಲದಲ್ಲೇ ಊರು ದಾಟುತ್ತಿತ್ತು. ನಮ್ಮ ಸುತ್ತಿನ ಮೊದಲ ಮನೆಯಾದ ಬೇಕರಿಯವರ ಅತ್ತೆಯಂತೂ ಅವರೆದುರಿಗೇ, "ನಿಮ್ಮ ದೇವರಿಗೆ ತುಂಬಾ ತಾಳ್ಮೆ ಇರ್ಬೇಕು ಕಣಮ್ಮಾ" ಎಂದಿದ್ದರು. ಮೂವತ್ತೊಂದು ವರ್ಷದಲ್ಲಿ ಆ ಅತ್ತೆಯ ಬಾಯಿಂದ ಬಂದ ಮೊದಲ ವಿಶ್ವಾಸದ ಮಾತು ಅದೆಂದು ಸಿಸ್ಟರ್ ಬಹಳ ಸಂತೋಷಪಟ್ಟರು.

ಕೇಂದ್ರ ಕಚೇರಿಗೆ ಕಳಿಸುವ ಮಾಸಿಕ ವರದಿಯಲ್ಲಿ 'ಉಪದೇಶಗಳ ಸಂಖ್ಯೆ' ಎಂಬ ಕಾಲಂ ಹೆಚ್ಚಾಗಿ ಖಾಲಿ ಉಳಿದು, 'ಇತರೆ' ಎಂಬುದು ತುಂಬಿ ಹಾಳೆಯ ಹಿಂಬದಿಗೂ ಹರಿಯುತ್ತಿತ್ತು. ಒಮ್ಮೆ ಕಚೇರಿಯಿಂದ ಪತ್ರ ಬಂತು: "'ಇತರೆ' ಎಂಬಲ್ಲಿ 'ಬೀನ್ಸ್, ಎರಡು ಕಿಲೋ' ಎಂದು ನಮೂದಿಸಿರುವುದರ ಅಭಿಪ್ರಾಯವನ್ನು ಕೂಡಲೇ ತಿಳಿಸತಕ್ಕದ್ದು." ಸಿಸ್ಟರ್ ಹೇಳಿ ಬರೆಸಿದ ಉತ್ತರ: "ಮೂರು ಕಿಲೋ ಇತ್ತು. ಒಂದು ಕಿಲೋ ನನ್ನಿಂದ ಹಾಳಾಯಿತು."

ನನ್ನ ಮಟ್ಟಿಗೆ ಅವರ ಉಪಕಾರವನ್ನು ಹೇಳುವುದಾದರೆ, ಮೊದಲ ದಿನವೇ ಬೇಕರಿಯವರ ಮನೆಯಲ್ಲಿ ಎಲ್ಲರೂ ನನ್ನತ್ತ ತಿರುಗಿ ಪ್ರಶ್ನೆ ಕೇಳತೊಡಗಿದಾಗ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಸಿಸ್ಟರ್ ತಾವು ಬಿಡಿಸುತ್ತಿದ್ದ ಬೀನ್ಸ್ ತಟ್ಟೆಯನ್ನು ನನ್ನ ಮಡಿಲಿಗೆ ಸರಿಸಿದರು. ಕೈಗೆ ಕೆಲಸ ಸಿಕ್ಕಿತು. ಕಣ್ಣಿಗೆ ಕೂರಲು ಜಾಗ ಸಿಕ್ಕಿತು. "ಯಾಕಮ್ಮಾ ಮಾತಾಡಲ್ಲ?" ಎಂದು ಲೋಕವೆಲ್ಲ ಕೇಳಿದ ಪ್ರಶ್ನೆಯನ್ನು ಅವರು ಈ ಎರಡೂವರೆ ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಹೀಗಿರುವಾಗ ನಿವೃತ್ತಿಯ ಆದೇಶ ಬಂತು. ಅದರ ಬೆನ್ನಿಗೇ ಸ್ವದೇಶದಿಂದ ಅವರ ತಮ್ಮನ ಕಾಗದವೂ ಬಂತು. ಬಿಸಿಲು ಬೀಳುವ ಕೋಣೆ ಸಿದ್ಧವಾಗಿದೆ, ಕೆಲಸಕ್ಕೆ ಆಳುಗಳಿದ್ದಾರೆ, ಅಕ್ಕ ಇನ್ನು ಒಂದು ಕಡ್ಡಿಯನ್ನೂ ಎತ್ತಿಡಬೇಕಾಗಿಲ್ಲ ಎಂದು ಆ ಪುಣ್ಯಾತ್ಮರು ಪ್ರೀತಿಯಿಂದ ಬರೆದಿದ್ದರು. ಸಿಸ್ಟರ್ ಅದನ್ನು ಎರಡು ಸಲ ಓದಿ ಮಡಚಿಟ್ಟು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಹಾಗಾದ್ರೆ ಇವು ಏನು ಮಾಡ್ಬೇಕಂತೆ?"

ಆಮೇಲೆ ನನಗೆ ಹೇಳಿದರು: "ನೋಡು ಮಗಳೇ, ಕೊನೇ ಸುತ್ತು ಯಾವತ್ತಿನ ಹಾಗೇ ಇರ್ಲಿ. ಯಾರಿಗೂ ಮೊದಲೇ ಹೇಳೋದು ಬೇಡ. ಹೊರಡೋವಾಗ ಬಾಗಿಲಲ್ಲಿ ನಿಂತು ನಾನೇ ಹೇಳ್ತೀನಿ. ನನಗೆ ಇನ್ನೊಂದೇ ಒಂದು ಮಾಮೂಲಿ ದಿನ ಬೇಕು."

ನಾನು ತಲೆಯಾಡಿಸಿದೆ. ಬಾಯಿ ತೆರೆದು ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಆ ಬೆಳಿಗ್ಗೆಯೇ, ಕಾರ್ಯದರ್ಶಿಯ ಕರ್ತವ್ಯವೆಂದು ಭಾವಿಸಿ, ಇಪ್ಪತ್ತೇಳು ಮನೆಗೂ ಇಪ್ಪತ್ತೇಳು ಕಾರ್ಡು ಬರೆದು ಅಂಚೆಪೆಟ್ಟಿಗೆಗೆ ಹಾಕಿ ಬಂದಿದ್ದೆ: "ಪೂಜ್ಯ ಸಿಸ್ಟರ್ ಅವರ ಅಂತಿಮ ಭೇಟಿ."

ಪರಿಣಾಮ ಮೊದಲ ಮನೆಯಲ್ಲೇ ಕಂಡಿತು. ಬೇಕರಿಯವರು ಪಕ್ಕದ ಮನೆಯಿಂದ ಕೈಕುರ್ಚಿ ತರಿಸಿ ಅದಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಸಿಸ್ಟರ್ ಹಿಟ್ಟಿನ ಪಾತ್ರೆಯ ಕಡೆ ಕೈ ಚಾಚಿದರೆ ಅತ್ತೆ ಅಡ್ಡ ನಿಂತರು. "ಇವತ್ತು ನೀವು ಕೂತಿರ್ಬೇಕು, ಅಷ್ಟೇ. ಮುಟ್ಟಿದ್ರೆ ನೋಡಿ ಮತ್ತೆ!" ಮನೆಮಂದಿಯೆಲ್ಲ ಎದುರಿಗೆ ಸಾಲಾಗಿ ಕುಳಿತು, ಫೋಟೋಕ್ಕೆ ಕಾದವರಂತೆ ಅವರನ್ನೇ ನೋಡುತ್ತಿದ್ದರು. ಕ್ಷೌರದವರ ಅಂಗಡಿಯಲ್ಲಿ ಪ್ರತಿ ತಿಂಗಳೂ ಕೂದಲು ಗುಡಿಸುವ ಕೆಲಸ ಸಿಸ್ಟರ್ ಅವರದು. ಅಂದು ಗಿರಾಕಿಗಳನ್ನೆಲ್ಲ ಹಿಂದಕ್ಕೆ ಕಳಿಸಿ, ಕೋಟು ತೊಟ್ಟು ನಿಂತಿದ್ದ ಕ್ಷೌರದವರು ಹೆಮ್ಮೆಯಿಂದ, "ಒಂದು ಎಳೆ ಸಹ ಬಿಟ್ಟಿಲ್ಲ ಸಿಸ್ಟರ್, ಬೇಕಾದ್ರೆ ಹುಡುಕಿ" ಎಂದರು. ಸಿಸ್ಟರ್ ನಿಜವಾಗಿಯೂ ಹುಡುಕಿದರು. ಸಿಗಲಿಲ್ಲ.

ಇಪ್ಪತ್ತಾರು ಮನೆಗಳಲ್ಲೂ ಹೀಗೆಯೇ. ಎಲ್ಲೆಲ್ಲೂ ಕುರ್ಚಿ, ಬಿಳಿ ಬಟ್ಟೆ, ಗೌರವ. ಕೆಲಸವೇ ಇಲ್ಲದ್ದರಿಂದ ಸತ್ಯವೇದವನ್ನು ತೆರೆಯಲು ಎಲ್ಲ ಕಡೆ ಸಮಯ ಸಿಕ್ಕಿ, ಆ ತಿಂಗಳ ಉಪದೇಶಗಳ ಸಂಖ್ಯೆ ದಾಖಲೆ ಮುಟ್ಟಿತು. ಸಿಸ್ಟರ್ ಅವರ ಮುಖ ಮಾತ್ರ ದಿನದಿಂದ ದಿನಕ್ಕೆ ಸಣ್ಣಗಾಯಿತು. ಕೊನೆಯ ಊರಿನ ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ, "ನಾನು ತೀರಿಕೊಂಡೆ ಅಂತ ಇವರಿಗೆಲ್ಲ ಯಾರು ಹೇಳಿದ್ರೋ" ಎಂದರು.

 ಕಾರ್ಡು ಬರೆದ ದಿನದ ನನ್ನ ಡೈರಿಯ ಪುಟವನ್ನು ತೆರೆದು ಅವರ ಮಡಿಲಲ್ಲಿಟ್ಟು ಕಣ್ಣು ಮುಚ್ಚಿಕೊಂಡೆ. ಪುಟ ಮಗುಚಿದ ಸದ್ದು ಕೇಳಿಸಿತು. ಆಮೇಲೆ ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಗು.

"ಅಕ್ಷರ ದುಂಡಗೆ ಬರೆದಿದ್ಯಾ?"

"ಹೂಂ."

"ಅದೇ ಆಗಿದ್ದು ನೋಡು. ಒಬ್ರಿಗೂ ಓದೋಕೆ ಕಷ್ಟ ಆಗಿಲ್ಲ." ಡೈರಿಯನ್ನು ಮುಚ್ಚಿ ನನ್ನ ಕೈಗಿಟ್ಟರು. "ಇನ್ನೊಂದೇ ಮನೆ ಉಳಿದಿರೋದು."

ಆ ಮನೆ ಹೊಲಿಗೆಯಕ್ಕನದು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಈಕೆಯ ಬಾಯಿ ಈಕೆಯ ಕತ್ತರಿಗಿಂತ ಹರಿತ. ಹತ್ತೊಂಬತ್ತು ವರ್ಷದಿಂದ ಸಿಸ್ಟರ್ ಅವರಿಗೆ ಗುಂಡಿ ಹಚ್ಚಲು ಕೊಟ್ಟು, ಅವರು ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಹಚ್ಚುತ್ತಿದ್ದಾರೆಂಬುದು ಸಿಸ್ಟರ್ ಒಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿದ್ದ ಸಂಗತಿ. ಈ ಮನೆಯಲ್ಲಾದರೂ ಎಂಬ ಆಸೆಯಿಂದ ಬಗ್ಗಿ ಒಳಗೆ ಹೋದರೆ, ಅಲ್ಲೂ ಹೊಲಿಗೆ ಮಿಷನ್ನಿನ ಮೇಲೆ ಹೂವಿನ ಚಿತ್ರದ ಚಾದರ, ನಡುಮನೆಯಲ್ಲಿ ಕುರ್ಚಿ, ಬಾಯಿಗೆ ಬೀಗ ಹಾಕಿಕೊಂಡ ಹೊಲಿಗೆಯಕ್ಕ.

"ಕೂತ್ಕೊಳ್ಳಿ ಸಿಸ್ಟರ್" ಎಂದರು ಮೆಲ್ಲಗೆ. ಆ ಮೆಲುದನಿ ಕೇಳಿ ಸಿಸ್ಟರ್ ಅವರ ಹೆಗಲೇ ಕುಸಿಯಿತು.

ಕುರ್ಚಿಯಲ್ಲಿ ಕುಳಿತರು. ಕೈಗಳನ್ನು ಮೊದಲು ಮಡಿಲಲ್ಲಿಟ್ಟರು, ಆಮೇಲೆ ಮಂಡಿಯ ಮೇಲೆ, ಆಮೇಲೆ ಚೀಲದ ಮೇಲೆ. ನೆಲ ನೋಡುವ ಅಭ್ಯಾಸದ ನನಗೆ ಮಂಚದ ಕೆಳಗಿನಿಂದ ಒಂದು ನೀಲಿ ತೋಳು ಇಣುಕುತ್ತಿರುವುದು ಕಂಡಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಗುಡ್ಡೆಯೇ ಇತ್ತು.

"ಅಕ್ಕಾ, ಇದು ಯಾವತ್ತು ಕೊಡಬೇಕಾಗಿರೋದು?" ಎಂದೆ. ಯಾರದೋ ಮನೆಯಲ್ಲಿ ನಾನಾಗಿಯೇ ಆಡಿದ ಮೊದಲ ಮಾತು ಅದು, ಮೂವರಿಗೂ ಗಾಬರಿಯಾಯಿತು.

ಹೊಲಿಗೆಯಕ್ಕ ನನ್ನನ್ನು ಸುಡುವಂತೆ ನೋಡಿದರು. "ನಿನಗ್ಯಾಕೆ? ಕೊಡೋದು ನಾಳೆ ಬೆಳಿಗ್ಗೆ. ನಲವತ್ತೆರಡು ಅಂಗಿ. ಒಂದಕ್ಕೂ ಗುಂಡಿ ಇಲ್ಲ. ಏನೀಗ?"

ಸಿಸ್ಟರ್ ಆಗಲೇ ನೆಲದ ಮೇಲಿದ್ದರು.

ಆ ಮಧ್ಯಾಹ್ನದ ಸಂತೋಷವನ್ನು ವರ್ಣಿಸುವ ಶಕ್ತಿ ಈ ಲೇಖನಿಗಿಲ್ಲ. ಮಿಷನ್ನಿನ ಚಾದರ ಮೂಲೆಗೆ ಹಾರಿತು. ಮೂರನೆಯ ಅಂಗಿಯ ಹೊತ್ತಿಗೆ ಹೊಲಿಗೆಯಕ್ಕನ ಬಾಯಿಯ ಬೀಗವೂ ಕಳಚಿತು. "ಗುಂಡಿ ಒಂದು ಊರಲ್ಲಿ, ಕಾಜ ಒಂದು ಊರಲ್ಲಿ! ಇದನ್ನ ಹಾಕ್ಕೊಳ್ಳೋ ಮಗು ಸೊಟ್ಟಗೆ ನಡೀಬೇಕಾ? ಬಿಚ್ಚಿ, ಬಿಚ್ಚಿ!" ಸಿಸ್ಟರ್ ಕಣ್ಣರಳಿಸಿ ಬಿಚ್ಚಿದರು. ಹದಿನೈದನೆಯ ಅಂಗಿಗೆ ಹೊಲಿಗೆಯಕ್ಕ ನನ್ನ ಕಡೆ ತಿರುಗಿ, "ಇವರ ಕೈ ಖಾಲಿ ಇಲ್ಲ. ಮಾತು ಬರುತ್ತಲ್ಲ ನಿನಗೆ, ಆ ಪುಸ್ತಕ ತೆಗೆದು ನೀನೇ ಓದು" ಎಂದರು. ಓದಿದೆ. ಮಿಷನ್ನಿನ ಸದ್ದಿಗೆ ಅರ್ಧ ಕೇಳಿಸಲಿಲ್ಲವೆಂಬ ಧೈರ್ಯದಿಂದ ಇನ್ನರ್ಧವನ್ನೂ ಓದಿದೆ. ಮೂರು ಗಂಟೆಯ ಬಸ್ಸು ಹೋಯಿತು. ಐದರ ಬಸ್ಸಿಗೆ ಹತ್ತು ನಿಮಿಷವಿರುವಾಗ ನಲವತ್ತೆರಡನೆಯ ಅಂಗಿ ಮುಗಿಯಿತು.

ಸಿಸ್ಟರ್ ಎದ್ದು ಬಾಗಿಲಿಗೆ ಬಂದು, ತಾವೇ ಹೇಳಬೇಕೆಂದುಕೊಂಡಿದ್ದ ಮಾತನ್ನು ಕೊನೆಗೂ ಒಂದು ಮನೆಯಲ್ಲಿ ಹೇಳಿದರು: "ನಾನು ಊರಿಗೆ ಹೋಗ್ತಾ ಇದ್ದೀನಿ."

"ಗೊತ್ತು, ಕಾರ್ಡ್ ಬಂದಿದೆ" ಎಂದರು ಹೊಲಿಗೆಯಕ್ಕ. ತಲೆ ಎತ್ತಲಿಲ್ಲ, ದಾರವಿಲ್ಲದ ಮಿಷನ್ನನ್ನು ಸುಮ್ಮನೆ ತುಳಿಯುತ್ತಿದ್ದರು. "ನನ್ನ ಸೂಜಿ ಕೊಟ್ಟು ಹೋಗಿ."

ಸಿಸ್ಟರ್ ತಮ್ಮ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಹೊಲಿಗೆಯಕ್ಕನ ಅಂಗೈಯಲ್ಲಿಟ್ಟರು. ಆ ಕೈ ಸೂಜಿಯ ಜೊತೆಗೆ ಇವರ ಬೆರಳುಗಳನ್ನೂ ಹಿಡಿದುಕೊಂಡು, ಬಸ್ಸಿನ ಹಾರ್ನ್ ಎರಡು ಸಲ ಕೇಳುವವರೆಗೂ ಬಿಡಲಿಲ್ಲ.

ಈ ಸಂಪುಟ ಸಿಸ್ಟರ್ ಅವರ ಕೈ ಸೇರುವಾಗ ಅವರು ಬಿಸಿಲು ಬೀಳುವ ಆ ಕೋಣೆಯಲ್ಲಿರುತ್ತಾರೆ. ದೇವರು ಅವರಿಗೆ ತುಂಬು ಆಯುಸ್ಸನ್ನೂ ಗಟ್ಟಿ ಮಂಡಿಗಳನ್ನೂ ಅನುಗ್ರಹಿಸಲಿ. ಅವರ ಸೇವೆ ಅಲ್ಲಿಯೂ ಮುಂದುವರಿಯಲಿ. ಅದಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಕೆಲಸ ತಲೆಯ ಮೇಲೆ ಬಿದ್ದು ಕಂಗಾಲಾದ, ಗೌರವ ಕೊಡಲು ಪುರುಸೊತ್ತೇ ಇಲ್ಲದ ನೆರೆಮನೆಯವಳೊಬ್ಬಳು ಆದಷ್ಟು ಬೇಗ ಅವರ ಬಾಗಿಲು ತಟ್ಟಲಿ ಎಂಬುದೇ ನನ್ನ ನಿತ್ಯದ ಪ್ರಾರ್ಥನೆ.